ಲೈಡನ್ನಿಗೆ ಹೋದ ಬಾರ್ಲಿ ನೀರು

ಪುರವರ

ನಮ್ಮ ಮಧುಗಿರಿ ತಾಲ್ಲೂಕಿನಿಂದ ಓದುವುದಕ್ಕೆ ವಿದೇಶಕ್ಕೆ ಹೋದವರಿದ್ದಾರೆ, ಮಗಳ ಬಾಣಂತನಕ್ಕೆ ಹೋದವರಿದ್ದಾರೆ, ಸುಮ್ಮನೆ ಫೋಟೊ ಹಿಡಿಸಿಕೊಳ್ಳಲು ಹೋಗಿಬಂದವರೂ ಇದ್ದಾರೆ. ಉಚ್ಚೆಯ ದೆಸೆಯಿಂದ ಹೋದವರು ಮಾತ್ರ ನಾನು ಮತ್ತು ಹನುಮಕ್ಕ ಇಬ್ಬರೇ ಎಂದು ಧೈರ್ಯವಾಗಿ ಹೇಳಬಲ್ಲೆ. ಮಡಿವಂತರು ಇದನ್ನು ಮೂತ್ರ ಎಂದು ಓದಿಕೊಳ್ಳಬಹುದು, ನನ್ನ ಅಭ್ಯಂತರವಿಲ್ಲ.

ಹನುಮಕ್ಕ ನನ್ನ ದೊಡ್ಡಪ್ಪನ ಮಗಳು. ಪಾವಗಡದ ಕಡೆಯ ಹಳ್ಳಿಗೆ ಕೊಟ್ಟಿದ್ದಾರೆ. ಆ ಸೀಮೆಯಲ್ಲಿ ತೆಲುಗು ಕನ್ನಡ ಎರಡೂ ಒಂದೇ ತಟ್ಟೆಯಲ್ಲಿ ಉಣ್ಣುತ್ತವೆ, ಹಾಗಾಗಿ ಅವಳ ಮಾತೂ ಹಾಗೆಯೇ. ಕಡ್ಲೆಕಾಯಿ ಚಟ್ನಿಪುಡಿ ಮಾಡುವ ಮಹಿಳಾ ಸಂಘಗಳಿಗೆಲ್ಲ ಅವಳು ಮುಖಂಡೆ. ಶಿರಾ, ಕೊರಟಗೆರೆ, ಮಧುಗಿರಿ, ಪಾವಗಡ ನಾಲ್ಕೂ ತಾಲ್ಲೂಕಿನ ಹೆಂಗಸರು ಅವಳ ವಾಟ್ಸಾಪ್ ಗುಂಪಿನಲ್ಲಿದ್ದಾರೆ. ಅವಳಿಗೆ ಟೈಪು ಮಾಡುವುದಕ್ಕೆ ಬೇಸರ, ಆದ್ದರಿಂದ ಎಲ್ಲ ಅಪ್ಪಣೆಗಳೂ ಧ್ವನಿಯಲ್ಲೇ ಹೊರಡುತ್ತವೆ. ಆ ದನಿಗೆ ಎದುರಾಡಿದವರನ್ನು ನಾನಂತೂ ಕಂಡಿಲ್ಲ.

ಅವಳ ಕಿಡ್ನಿ ಕೆಲವು ವರ್ಷಗಳಿಂದ ಸೊರಗುತ್ತಿದೆ. ಕಿಡ್ನಿಗೆ ಪೆಟ್ಟಾದಾಗ ಒಳಗೆ ಕಲೆ ಕಟ್ಟುತ್ತದೆ. ಮಂಡಿ ತರಚಿ ಒಣಗಿದ ಮೇಲೆ ಚರ್ಮ ಗಟ್ಟಿಯಾಗಿ ಉಳಿಯುತ್ತದಲ್ಲ, ಹಾಗೆ. ಮಂಡಿಯ ಕಲೆ ಕಣ್ಣಿಗೆ ಕಾಣುತ್ತದೆ, ಕಿಡ್ನಿಯದು ಕಾಣಬೇಕಾದರೆ ಬೆನ್ನಿಗೆ ಸೂಜಿ ಹಾಕಿ ಚೂರು ತೆಗೆಯಬೇಕು. ತುಮಕೂರಿನ ಡಾಕ್ಟರು ಹಾಗೆಂದಾಗ ಹನುಮಕ್ಕ ಸೆರಗು ಸಿಕ್ಕಿಸಿಕೊಂಡು ಎದ್ದು ಬಂದಿದ್ದಳು. ಇನ್ನೊಂದು ದಾರಿಯ ಸಂಶೋಧನೆ ನಡೆಯುತ್ತಿದೆ, ಕಷ್ಟದಲ್ಲಿರುವ ಕಿಡ್ನಿಯ ಜೀವಕೋಶಗಳು ಒಂದು ಪ್ರೋಟೀನನ್ನು ಸುದ್ದಿಯ ಹಾಗೆ ಹೊರಗೆ ಬಿಡುತ್ತವೆ, ಕಲೆ ಕಟ್ಟುವ ಕೆಲಸ ಜೋರಾಗಿದ್ದರೆ ಆ ಪ್ರೋಟೀನು ಉಚ್ಚೆಯಲ್ಲಿ ಹೆಚ್ಚಾಗಿರುತ್ತದೆ ಎಂದು ಅವರೇ ಆಮೇಲೆ ತಿಳಿಸಿದರು. ಹನುಮಕ್ಕನ ಸಂಘಗಳ ಮೂಲಕ ನಮ್ಮ ನಾಲ್ಕು ತಾಲ್ಲೂಕಿನ ಜನರ ಮಾದರಿ ತೆಗೆದು ಹಾಲೆಂಡಿನ ಲೈಡನ್ ಎಂಬ ಊರಿನ ಪ್ರಯೋಗಾಲಯಕ್ಕೆ ಕಳಿಸುವುದೆಂದಾಯಿತು. ಹಿಂದಿನ ವರ್ಷ ಒಂದು ಸಲ, ಈ ವರ್ಷ ಇನ್ನೊಂದು ಸಲ. ಎರಡು ಸಲದ ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿದರೆ ಏರಿಕೆಯೋ ನಿಂತಿದೆಯೋ ಗೊತ್ತಾಗುತ್ತದೆ. ಏರಿಲ್ಲದಿದ್ದರೆ ಸೂಜಿಗೆ ಅವಸರಪಡಿಸುವುದಿಲ್ಲ, ಏರಿದ್ದರೆ ಮಾತ್ರ ಹಟ ಬಿಡಬೇಕು ಎಂದು ಡಾಕ್ಟರು ಅವಳಿಂದ ಮಾತು ತೆಗೆದುಕೊಂಡಿದ್ದರು.

ಹನುಮಕ್ಕ ಸೂಜಿಗಿಂತ ಹೆಚ್ಚಾಗಿ ಹೆದರಿದ್ದು ಬೇರೆಯದಕ್ಕೆ. ನಮ್ಮ ದೊಡ್ಡಮ್ಮ, ಅಂದರೆ ಅವಳ ತಾಯಿ, ಕಾಲು ಮುಖ ಊದಿಕೊಂಡು ತೀರಿಹೋದರು. ಯಾಕೆಂದು ಯಾರೂ ಹೇಳಲಿಲ್ಲ, ಯಾರನ್ನು ಕೇಳಬೇಕೆಂದೂ ಗೊತ್ತಿರಲಿಲ್ಲ. "ಸಾಯೋದು ಇದ್ದಿದ್ದೇ ಕಣೇ ಸರೋಜಿ, ಆದ್ರೆ ಗೊತ್ತಿಲ್ದಂಗೆ ಸಾಯಾಕಿಲ್ಲ ನಾನು," ಎಂದು ಅವಳು ಒಂದು ದಿನ ಚಟ್ನಿಪುಡಿ ಜರಡಿ ಹಿಡಿಯುತ್ತಾ ಅಂದಿದ್ದಳು. ಆ ಮಾತು ನನ್ನ ಮನಸ್ಸಿನಿಂದ ಹೋಗಿರಲಿಲ್ಲ.

ಈ ವರ್ಷದ ಮಾದರಿ ಹೋದ ಕೆಲವು ತಿಂಗಳಿಗೆ ಲೈಡನ್ನಿನಿಂದ ಕರೆ ಬಂತು. ಅಲ್ಲಿನವರು ಒಬ್ಬ ರೋಗಿಯೊಂದಿಗೆ ಎದುರಾಬದುರು ಕೂತು ಮಾತಾಡಬೇಕಂತೆ, ಇಂಗ್ಲಿಷ್ ಬಲ್ಲ ಒಬ್ಬರು ಜೊತೆಗೆ ಬರಬೇಕಂತೆ, ಟಿಕೆಟು ಅವರದೇ. ನಾನು ಪುರವರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು, ಆರೋಗ್ಯವಂತರ ಪೈಕಿ ನನ್ನ ಮಾದರಿಯೂ ಅಲ್ಲಿಗೆ ಹೋಗಿತ್ತು. ಹಾಗಾಗಿ ರೋಗಿಗಳ ಪರವಾಗಿ ಮುಖಂಡೆ ಹನುಮಕ್ಕ, ಜೊತೆಗೆ ನಾನು. ನಮ್ಮೂರಿನಲ್ಲಿ ಇದು ಸನ್ಮಾನಕ್ಕೆ ಕರೆದದ್ದು ಎಂದು ಸುದ್ದಿಯಾಯಿತು. ಸಂಘದವರು ಹೂವಿನ ಹಾರ ಹಾಕಿ ಬೀಳ್ಕೊಟ್ಟರು. ಹನುಮಕ್ಕ ವಂದನಾರ್ಪಣೆಯ ಭಾಷಣವನ್ನು ಬಾಯಿಪಾಠ ಮಾಡಿಕೊಂಡು, ಕಾರಿನಲ್ಲಿ ಕೊರಟಗೆರೆ ದಾಟುವವರೆಗೂ ನನಗೆ ಒಪ್ಪಿಸುತ್ತಲೇ ಇದ್ದಳು.

ವಿಮಾನ ಮತ್ತು ರೈಲು

ವಿಮಾನದಲ್ಲಿ ಹನುಮಕ್ಕನಿಗೆ ಕಿಟಕಿಯ ಸೀಟು ಸಿಕ್ಕಿತ್ತು. ಮೋಡದ ಮೇಲೆ ಬಂದಾಗ, ಇಷ್ಟೊಂದು ನೀರು ಇಟ್ಟುಕೊಂಡೂ ಪಾವಗಡಕ್ಕೆ ಕಳಿಸುವುದಿಲ್ಲವಲ್ಲ ಎಂದು ಅವುಗಳನ್ನು ತೆಲುಗಿನಲ್ಲಿ ಬೈದಳು. ಗಗನಸಖಿ ಕಾಫಿಯೋ ಟೀಯೋ ಎಂದು ಕೇಳಿದರೆ ಮೊದಲು ಅವಳದು ಊಟವಾಯಿತೇ ಎಂದು ವಿಚಾರಿಸಲು ನನಗೆ ಆಜ್ಞೆಯಾಯಿತು. ನಾನು ವಿಚಾರಿಸಿದೆ. ಆ ಹುಡುಗಿ ಒಂದು ಕ್ಷಣ ತಬ್ಬಿಬ್ಬಾಗಿ, ಇನ್ನೂ ಇಲ್ಲ ಎಂದಳು. ಆಮೇಲೆ ದಾರಿಯುದ್ದಕ್ಕೂ ನಮ್ಮ ಸಾಲಿಗೆ ವಿಶೇಷ ಉಪಚಾರ ನಡೆಯಿತು.

ಆಮ್‌ಸ್ಟರ್‌ಡ್ಯಾಮಿನಲ್ಲಿ ಇಳಿದು ರೈಲು ಹಿಡಿದೆವು. ಕಿಟಕಿಯಾಚೆ ಎತ್ತ ನೋಡಿದರೂ ನೀರು. ಹೊಲದ ಬದುವಿನ ಜಾಗದಲ್ಲಿ ಕಾಲುವೆ, ಕಾಲುವೆಯ ಪಕ್ಕದಲ್ಲಿ ಕೊಬ್ಬಿದ ಹಸು, ಹಸುವಿನಾಚೆ ಮತ್ತೆ ಕಾಲುವೆ. ವಿಮಾನ ನಿಲ್ದಾಣ ಇರುವ ಜಾಗವೇ ಹಿಂದೆ ದೊಡ್ಡ ಸರೋವರವಾಗಿತ್ತು, ಪಂಪು ಹಾಕಿ ನೀರನ್ನು ಹೊರಗೆ ಚೆಲ್ಲಿ ನೆಲ ಮಾಡಿಕೊಂಡಿದ್ದಾರೆ ಎಂದು ಎದುರು ಕೂತಿದ್ದವರು ಹೇಳಿದರು. ನಾನು ಅದನ್ನು ಕನ್ನಡಕ್ಕೆ ತಿರುಗಿಸಿದೆ. ಹನುಮಕ್ಕ ನನ್ನನ್ನೇ ಗುಮಾನಿಯಿಂದ ನೋಡಿದಳು. ನಮ್ಮಲ್ಲಿ ಕೆರೆಗಳು ತಾವಾಗಿಯೇ ಒಣಗುತ್ತವೆ, ಒಣಗಿಸುವುದಕ್ಕೂ ಶ್ರಮಪಡುವವರಿದ್ದಾರೆ ಎಂಬುದು ಅವಳಿಗೆ ನಂಬುವ ಮಾತಾಗಿರಲಿಲ್ಲ. ಬೋರು ಕೊರೆಸಿ ಕೊರೆಸಿ ಪಾತಾಳ ಮುಟ್ಟಿದ ಊರಿನವಳು ಅವಳು.

ಲೈಡನ್ ನಿಲ್ದಾಣದಲ್ಲಿ ಶೌಚಾಲಯಕ್ಕೆ ಹೋಗಬೇಕಾಯಿತು. ಬಾಗಿಲಲ್ಲಿ ಗೇಟು, ಕಾಸು ಕೊಟ್ಟರೆ ಮಾತ್ರ ತೆರೆಯುತ್ತದೆ. ಹನುಮಕ್ಕ ಗೇಟಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟಳು. "ಅಲ್ಲ ಕಣೇ, ನಮ್ದು ಬೇಕು ಅಂತ ಇವ್ರೇ ಐಸ್ ಹಾಕಿ ಇಮಾನದಾಗೆ ತರಿಸ್ಕಂತಾರೆ. ಬಾಗ್ಲಿಗೇ ತಂದ್ರೆ ನಾವೇ ಕಾಸು ಕೊಡ್ಬೇಕಾ?" ಎಂದಳು. ಹಿಂದೆ ಸಾಲು ಬೆಳೆಯುತ್ತಿತ್ತು. ನಾನು ಕಾರ್ಡು ಒತ್ತಿ ಅವಳನ್ನು ಒಳಗೆ ತಳ್ಳಿದೆ.

ಪರದೆಯಿಲ್ಲದ ಬೀದಿ

ನಮಗೆ ಕೊಟ್ಟಿದ್ದ ಮನೆ ಕಾಲುವೆಯ ದಡದಲ್ಲಿತ್ತು. ಮೆಟ್ಟಿಲುಗಳು ಎಷ್ಟು ಕಡಿದೆಂದರೆ ಮಧುಗಿರಿಯ ಬೆಟ್ಟ ಹತ್ತಿದವರಿಗೂ ಹಗ್ಗದ ಆಸರೆ ಬೇಕು. ಸೂಟ್‌ಕೇಸನ್ನು ನಾನು ಕೆಳಗಿನಿಂದ ತಲೆಯಲ್ಲಿ ಒತ್ತಿ, ಹನುಮಕ್ಕ ಮೇಲಿನಿಂದ ಎಳೆದು, ಕೊನೆಗೆ ಸೂಟ್‌ಕೇಸೂ ಸೇರಿ ಮೂವರೂ ಒಟ್ಟಿಗೆ ಮೇಲಕ್ಕೆ ಬಿದ್ದೆವು.

ಸಂಜೆ ಬೀದಿ ನೋಡಲು ಹೊರಟೆವು. ಅಲ್ಲಿನ ಜನ ಕಿಟಕಿಗೆ ಪರದೆ ಎಳೆಯುವುದಿಲ್ಲ. ರಸ್ತೆಯಲ್ಲಿ ನಡೆದರೆ ಸಾಲಾಗಿ ಮನೆಗಳ ಒಳಗೆಲ್ಲ ಕಾಣುತ್ತದೆ. ಒಬ್ಬರು ತಟ್ಟೆ ತೊಳೆಯುತ್ತಿದ್ದಾರೆ, ಒಬ್ಬರು ಸೋಫಾದ ಮೇಲೆ ಬಾಯಿ ತೆರೆದು ಮಲಗಿದ್ದಾರೆ, ಕುರ್ಚಿಯ ಮೇಲೆ ಮಡಿಸದ ಬಟ್ಟೆಯ ಗುಡ್ಡೆ. ಯಾರಿಗೂ ನಾಚಿಕೆಯಿಲ್ಲ. ಅಲ್ಲಿನವರು ಒಳಗೆ ಇಣುಕದೆ ಮುಂದೆ ಹೋಗುತ್ತಾರಂತೆ. ಹನುಮಕ್ಕ ಮಾತ್ರ ಪ್ರತಿ ಕಿಟಕಿಯ ಮುಂದೂ ನಿಂತು ಕೈ ಬೀಸಿದಳು. ಊಟ ಮಾಡುತ್ತಿದ್ದ ಒಂದು ಸಂಸಾರ ಪೂರ್ತಿ ಚಮಚ ಕೆಳಗಿಟ್ಟು ತಿರುಗಿ ಕೈ ಬೀಸಿತು. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಅವಳಿಗೆ ಆದ ಯೋಚನೆಯೇ ಬೇರೆ: ನೆಂಟರು ಬರುತ್ತಾರೆಂದು ತಿಳಿದರೆ ಇವರು ಆ ಬಟ್ಟೆ ಗುಡ್ಡೆಯನ್ನಾದರೂ ಮಂಚದ ಕೆಳಗೆ ತಳ್ಳುವುದಿಲ್ಲವೇ?

ಅಂಗಡಿಯಿಂದ ಹಾಲಿನ ಡಬ್ಬ ತಂದು ಕಾಫಿಗೆ ಹುಯ್ದರೆ ಕಾಫಿ ಒಡೆದು ಚೂರುಚೂರಾಯಿತು. ಇನ್ನೊಂದು ಸಲ ಮಾಡಿದೆ, ಮತ್ತೆ ಒಡೆಯಿತು. ವಿಜ್ಞಾನದ ಟೀಚರಾದ ನಾನು ಇಲ್ಲಿನ ನೀರಿನಲ್ಲಿ ಏನೋ ಇದೆ ಎಂದು ವಿವರಣೆ ಕೊಡುತ್ತಿದ್ದೆ. ಹನುಮಕ್ಕ ಡಬ್ಬ ಎತ್ತಿ ಮೂಸಿ, ಗಟಗಟ ಕುಡಿದು, ಮೂತಿ ಒರೆಸಿಕೊಂಡು, ಇದು ಮಜ್ಜಿಗೆ ಎಂದು ತೀರ್ಪು ಕೊಟ್ಟಳು. ಅಪ್ಪಟ ಕಡೆದ ಮಜ್ಜಿಗೆ. ಸಮುದ್ರ ದಾಟಿ ಬಂದ ಮೊದಲ ದಿನವೇ ಮಜ್ಜಿಗೆ ಸಿಕ್ಕ ಮೇಲೆ ಅವಳಿಗೆ ಆ ದೇಶ ಪೂರ್ತಿ ನಮ್ಮ ಕಡೆಯವರದೇ ಎನಿಸಿಬಿಟ್ಟಿತು.

ಪ್ರಯೋಗಾಲಯ

ನಮ್ಮನ್ನು ಕರೆಸಿದ್ದ ಸಂಶೋಧಕಿಯ ಹೆಸರು ಅನ್ನೆಕೆ. ತೆಂಗಿನ ಮರದಷ್ಟು ಎತ್ತರ, ಕೆಂಪು ಕೆನ್ನೆ, ಮಾತು ಮಾತ್ರ ನೇರ. ಕಾಫಿಯ ಜೊತೆ ಬಿಸ್ಕತ್ತಿನ ಡಬ್ಬ ಬಂತು. ತಲೆಗೊಂದು ತೆಗೆದುಕೊಂಡದ್ದೇ ಡಬ್ಬದ ಮುಚ್ಚಳ ಹಾಕಿದರು. ಎರಡನೆಯದಕ್ಕೆ ಹೊರಟಿದ್ದ ಹನುಮಕ್ಕನ ಕೈ ಮುಚ್ಚಳದ ಮೇಲೆ ನಿಂತಿತು. ಒತ್ತಾಯ ಮಾಡದೆ ಉಪಚಾರ ಮಾಡುವ ಜನರನ್ನು ಅವಳು ಅದೇ ಮೊದಲು ಕಂಡದ್ದು.

ಅವರು ಹುಡುಕುವ ಪ್ರೋಟೀನಿನ ಹೆಸರು ಡಿಕ್‌ಕಾಫ್. ಜರ್ಮನ್ ಭಾಷೆಯಲ್ಲಿ ಹಾಗೆಂದರೆ ದಪ್ಪ ತಲೆಯವನು, ಹಟಮಾರಿ ಎಂದು ಅನ್ನೆಕೆ ನಗುತ್ತಾ ಹೇಳಿದಳು. ನಿನ್ನ ಹೊಟ್ಟೆಯಲ್ಲಿ ಅದಲ್ಲದೆ ಇನ್ನೇನಿರುತ್ತದೆ ಎಂದು ನಾನು ಹನುಮಕ್ಕನನ್ನು ಕಿಚಾಯಿಸಿದೆ. ಅವಳು ಸೆರಗು ಸರಿಮಾಡಿಕೊಂಡು ವಂದನಾರ್ಪಣೆಗೆ ಎದ್ದು ನಿಂತಳು.

ಅಷ್ಟರಲ್ಲಿ ಅನ್ನೆಕೆ ಗೋಡೆಯ ಪರದೆಯ ಮೇಲೆ ಚಿತ್ರ ತೋರಿಸಿದಳು. ಒಂದೊಂದು ಚುಕ್ಕೆಯೂ ನಮ್ಮ ಕಡೆಯ ಒಬ್ಬೊಬ್ಬ ಮನುಷ್ಯ. ಹಿಂದಿನ ವರ್ಷದ ಚುಕ್ಕೆಗಳು ಆಕಾಶದ ನಕ್ಷತ್ರದಂತೆ ಮೇಲೂ ಕೆಳಗೂ ಹರಡಿದ್ದವು. ಈ ವರ್ಷದ ಜಾಗ ಖಾಲಿ. ಚುಕ್ಕೆಗಳೆಲ್ಲ ಕೆಳಗಿನ ಒಂದು ಪೆಟ್ಟಿಗೆಯಲ್ಲಿ ಬೂದು ಬಣ್ಣದಲ್ಲಿ ತುಂಬಿಕೊಂಡಿದ್ದವು. ಪ್ರೋಟೀನು ಇದೆಯೋ ಇಲ್ಲವೋ ಹೇಳುವುದಕ್ಕೂ ಆಗದಷ್ಟು ಇವೆಲ್ಲ ತೆಳು ಎಂದಳು ಅನ್ನೆಕೆ. ಶಿರಾದ್ದೂ ತೆಳು, ಕೊರಟಗೆರೆಯದೂ ತೆಳು, ನಾಲ್ಕೂ ತಾಲ್ಲೂಕಿನದು ಒಂದೇ ಸಲಕ್ಕೆ ತೆಳುವಾಗುವುದು ಹೇಗೆ? ಆಮೇಲೆ ನನ್ನನ್ನು ನೇರವಾಗಿ ನೋಡಿ, ದಾರಿಯಲ್ಲಿ ಯಾರಾದರೂ ನೀರು ಬೆರೆಸಿದರೇ ಎಂದು ಕೇಳಿದಳು.

ನನಗೆ ಮೈಯೆಲ್ಲ ಉರಿಯಿತು. ಸನ್ಮಾನ ಎಂದು ಹಾರ ಹಾಕಿಸಿಕೊಂಡು ಬಂದರೆ ಇದು ವಿಚಾರಣೆ! ಹಾಲಿಗೆ ನೀರು ಬೆರೆಸುವವರು ಎಲ್ಲ ಕಡೆಯೂ ಇದ್ದಾರೆ, ಇದಕ್ಕೆ ಬೆರೆಸಿ ಯಾರಿಗೇನು ಲಾಭ ಎಂದು ಇಂಗ್ಲಿಷಿನಲ್ಲಿ ಜೋರಾಗಿಯೇ ಹೇಳಿದೆ. ನನ್ನ ಮುಖ ಕೆಂಪಾದದ್ದನ್ನು ನೋಡಿ ಏನಂತೆ ಎಂದು ಹನುಮಕ್ಕ ಕೇಳಿದಳು. ಹೇಳಿದೆ.

"ನೀರು ಬೆರೆಸಿಲ್ಲ ಅನ್ನು," ಎಂದಳು ಹನುಮಕ್ಕ, ನಿಂತಲ್ಲೇ, ಬಹಳ ಸಮಾಧಾನದಿಂದ. "ನಾನು ಕುಡಿಸ್ದೆ ಅನ್ನು."

ಹಿಂದಿನ ವರ್ಷ ಮಾದರಿ ತೆಗೆಯುವವರು ಹೇಳದೆ ಕೇಳದೆ ಬಂದಿದ್ದರು. ಈ ವರ್ಷ ಮುಂಚೆಯೇ ತಿಳಿಸಿದ್ದರು. ತಿಳಿದ ಮೇಲೆ ಸುಮ್ಮನಿರುವುದು ಹೇಗೆ? ಮನೆಗೆ ಹೊರಗಿನವರು ಬರುತ್ತಾರೆಂದರೆ ಸಾರಿಸಿ ರಂಗೋಲಿ ಹಾಕುವುದಿಲ್ಲವೇ? ಉಚ್ಚೆ ಹಳದಿಯಾಗಿದ್ದರೆ ನಮ್ಮಲ್ಲಿ ಉಷ್ಣ ಅನ್ನುತ್ತಾರೆ, ಮೈ ನೋಡಿಕೊಳ್ಳದವರು ಎಂದು ಆಡಿಕೊಳ್ಳುತ್ತಾರೆ. ಅದೂ ಹೋಗುವುದು ಎಲ್ಲಿಗೆ, ಹಾಲೆಂಡಿಗೆ. ಹನುಮಕ್ಕ ಫೋನ್ ತೆಗೆದು ಹಳೆಯ ಧ್ವನಿಯನ್ನು ಹುಡುಕಿ ಒತ್ತಿದಳು. ಪ್ರಯೋಗಾಲಯದ ತುಂಬ ಅವಳದೇ ದನಿ ಮೊಳಗಿತು: "ಎಲ್ಲಾರೂ ಕೇಳಿ. ನಾಳೆ ಬೆಳಗ್ಗೆ ಬಾಟ್ಲಿ ಕೊಡ್ತಾರೆ. ಇವತ್ತು ಸಂಜೆಯಿಂದ್ಲೇ ಚೊಂಬುಗಟ್ಲೆ ಬಾರ್ಲಿ ನೀರು ಕುಡ್ಕಳಿ, ಎಳನೀರು ಇದ್ದೋರು ಎಳನೀರು ಕುಡ್ಕಳಿ. ಫಾರಿನ್ನೋರ ಮುಂದೆ ನಮ್ ಮಾನ ತೆಗೀಬೇಡ್ರಿ. ಕನ್ನಡಿ ಇದ್ದಂಗೆ ಇರ್ಬೇಕು."

ನಾನು ಒಂದೊಂದೇ ವಾಕ್ಯ ಇಂಗ್ಲಿಷಿಗೆ ತಿರುಗಿಸುತ್ತಾ ಬಂದೆ. ಕನ್ನಡಿಗೆ ಬರುವ ಹೊತ್ತಿಗೆ ಅನ್ನೆಕೆ ಮೇಜಿನ ಮೇಲೆ ತಲೆಯಿಟ್ಟುಕೊಂಡು ನಗುತ್ತಿದ್ದಳು. ಅವಳ ಜೊತೆಯವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ತಿಂಗಳುಗಟ್ಟಲೆ ಐಸು, ಪೆಟ್ಟಿಗೆ, ವಿಮಾನ ಎಂದು ಎಲ್ಲದರ ಮೇಲೂ ಅನುಮಾನಪಟ್ಟಿದ್ದರಂತೆ, ಬಾರ್ಲಿ ಮಾತ್ರ ಯಾರ ತಲೆಗೂ ಹೊಳೆದಿರಲಿಲ್ಲ. ನನಗೂ ನಗು ತಡೆಯಲಿಲ್ಲ. ಹನುಮಕ್ಕ ಕೊಟ್ಟ ಅದೇ ಚೊಂಬಿನಿಂದ ನಾನೂ ಕುಡಿದಿದ್ದೆ, ಬೂದು ಪೆಟ್ಟಿಗೆಯಲ್ಲಿ ನನ್ನ ಚುಕ್ಕೆಯೂ ಇತ್ತು.

ನಗು ಇಳಿದ ಮೇಲೆ ಹನುಮಕ್ಕ ಕೇಳಿದಳು, ಹಾಗಾದರೆ ತನ್ನದು ಏರಿದೆಯೋ ನಿಂತಿದೆಯೋ? ಈ ವರ್ಷದ್ದನ್ನು ಎಸೆಯಬೇಕಾಗುತ್ತದೆ ಎಂದಳು ಅನ್ನೆಕೆ. ಉಳಿಯುವುದು ಹಿಂದಿನ ವರ್ಷದ ಒಂದು ಚುಕ್ಕೆ, ಒಂದೇ ಚುಕ್ಕೆಯಿಂದ ಗೆರೆ ಎಳೆಯಲಾಗುವುದಿಲ್ಲ. ಹನುಮಕ್ಕ ಕುರ್ಚಿಯಲ್ಲಿ ಕೂತಳು. ನಾಲ್ಕು ತಾಲ್ಲೂಕಿಗೆ ಅಪ್ಪಣೆ ಕೊಡುವವಳ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಹಿಂದೆ ನೋಡಿರಲಿಲ್ಲ.

ಆಮೇಲೆ ಅವಳು ತಲೆಯೆತ್ತಿದಳು. "ಕೇಳು ಅವಳ್ನ. ಬಾಟ್ಲಿ ಹೆಂಗಾರ ಇರ್ಲಿ, ನಾನೇ ಬಂದ್ಬುಟ್ಟಿದೀನಲ್ಲ. ನಾಳೆ ಬೆಳಗ್ಗೆ ಇಲ್ಲೇ ಕೊಟ್ರೆ ಆಗಾಕಿಲ್ವಾ?"

ಅನ್ನೆಕೆ ಪಕ್ಕದವರನ್ನು ನೋಡಿದಳು. ಅವರು ಡಚ್ಚಿನಲ್ಲಿ ಗುಸುಗುಸು ಮಾತಾಡಿಕೊಂಡರು, ಯಾರಿಗೋ ಫೋನ್ ಮಾಡಿದರು. ಕೊನೆಗೆ ಒಳಗಿನದು ಕಾಣುವಂಥ, ಮುಚ್ಚಳವಿರುವ ಒಂದು ಡಬ್ಬಿ ತಂದು ಹನುಮಕ್ಕನ ಕೈಗೆ ಕೊಟ್ಟರು. ಷರತ್ತು ಒಂದೇ, ಮನೆಯಲ್ಲಿ ದಿನವೂ ಎಷ್ಟು ಕುಡಿಯುತ್ತಾಳೋ ಅಷ್ಟೇ ಕುಡಿಯಬೇಕು. ಒಂದು ಲೋಟ ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ.

ದಿನದಂತೆ ಒಂದು ಸಂಜೆ

ದಿನದಂತೆ ಇರುವುದು ಎಷ್ಟು ಕಷ್ಟ ಎಂಬುದು ಆ ಸಂಜೆ ತಿಳಿಯಿತು. ದಿನಾ ಎಷ್ಟು ನೀರು ಕುಡಿಯುತ್ತೀಯೆ ಎಂದು ಕೇಳಿದರೆ ಹನುಮಕ್ಕನಿಗೆ ನೆನಪಾಗಲಿಲ್ಲ. ಬಾಯಾರಿದರೆ ಕುಡಿಯುತ್ತೇನೆ, ಅದನ್ನು ಯಾರು ನೋಡುತ್ತಾರೆ ಎಂದಳು. ಮಜ್ಜಿಗೆ ಡಬ್ಬದ ಮುಂದೆ ಓಡಾಡಿ, ಮುಟ್ಟದೆ ವಾಪಸು ಬಂದು, ಮತ್ತೆ ಎದ್ದು ಹೋದಳು. ಕೊನೆಗೆ, ಮನೆಯಲ್ಲಿದ್ದ ಹಾಗೆ ಇರಬೇಕಾದರೆ ಮನೆಯ ಊಟವೇ ಆಗಬೇಕೆಂದು ಊರಿನಿಂದ ತಂದಿದ್ದ ರಾಗಿ ಹಿಟ್ಟು ಬಿಚ್ಚಿದಳು. ಮುದ್ದೆ ಚೆನ್ನಾಗಿ ಆಯಿತು. ಸಾರಿಗೆ ಒಗ್ಗರಣೆ ಹಾಕಿದ್ದೇ ತಡ, ಚಾವಣಿಯಲ್ಲಿ ಹೊಗೆ ಕಂಡರೆ ಕೂಗುವ ಒಂದು ಯಂತ್ರ ಕಿವಿ ಕಿತ್ತುಹೋಗುವಂತೆ ಕಿರುಚಿತು.

ನಾವು ಟವೆಲ್ ಬೀಸುತ್ತಾ ಕುಣಿಯುತ್ತಿದ್ದದ್ದನ್ನು ಎದುರು ಮನೆಯ ಮುದುಕರೊಬ್ಬರು ಪರದೆಯಿಲ್ಲದ ಕಿಟಕಿಯಿಂದ ನೋಡಿರಬೇಕು. ಬಂದು ಬಾಗಿಲು ತಟ್ಟಿದರು. ಒಂದೂ ಮಾತಾಡದೆ ಒಳಗೆ ಬಂದು, ಸ್ಟೂಲೂ ಇಲ್ಲದೆ ಕೈಯೆತ್ತಿ ಯಂತ್ರದ ಗುಂಡಿ ಒತ್ತಿದರು. ಅಷ್ಟು ಎತ್ತರದ ಜನ. ಕಿಟಕಿ ತೆರೆದು, ಬಾಣಲೆಯನ್ನು ಮೂಸಿ, ತಲೆದೂಗಿ ಹೊರಟರು. ಹನುಮಕ್ಕ ಬಿಡಲಿಲ್ಲ, ಮುದ್ದೆ ಇಕ್ಕಿದಳು. ಅವರು ಅದನ್ನು ಅಗಿದು ಅಗಿದು ಕಣ್ಣು ಮೇಲೆ ಮಾಡಿದಾಗ ನುಂಗುವುದನ್ನು ಅಭಿನಯಿಸಿ ತೋರಿಸಿದಳು.

ಗಾಳಿಗಿರಣಿ

ಬೆಳಿಗ್ಗೆ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟೆವು. ನಾನು ಮುಂದೆ, ಹನುಮಕ್ಕ ಹಿಂದೆ. ಕೆಂಪು ಬಣ್ಣ ಬಳಿದ ಅಚ್ಚುಕಟ್ಟಾದ ದಾರಿ ಕಂಡು ಅದರಲ್ಲೇ ನಡೆದೆವು. ಅದು ಸೈಕಲ್ಲಿನವರ ದಾರಿ. ಗಂಟೆ ಬಾರಿಸುತ್ತಾ ಸೈಕಲ್ಲುಗಳ ಮಂದೆಯೇ ಬಂತು: ಮಗುವನ್ನು ಮುಂದೆ ಕೂರಿಸಿಕೊಂಡ ತಾಯಿ, ಟೈ ಕಟ್ಟಿದ ಸಾಹೇಬರು, ನಮ್ಮಿಬ್ಬರಿಗಿಂತ ವಯಸ್ಸಾದ ಅಜ್ಜಿ. ನಾನು ಕಾಲುವೆಯ ಕಡೆ ಹಾರಿದೆ. ಹನುಮಕ್ಕ ಅಲುಗಲಿಲ್ಲ. ಡಬ್ಬಿಯನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ, ದಾರಿಯ ನಡುವೆ ಕಲಶ ಹೊತ್ತವಳಂತೆ ನಿಂತಳು. ಸೈಕಲ್ಲುಗಳು ಅವಳ ಆಚೆಗೂ ಈಚೆಗೂ ಹರಿದುಹೋದವು. ಒಂದು ತೊಟ್ಟೂ ಚೆಲ್ಲಲಿಲ್ಲ. ಒಳಗಿದ್ದದ್ದರ ಬಣ್ಣ ಹೊಂಗೆ ಹೂವಿನಂತೆ ಬಿಳಿಚಿದ್ದಲ್ಲ, ತಂಗಡಿ ಹೂವಿನದು, ಅಚ್ಚ ಹಳದಿ. ಬೆಳಗಿನ ಬಿಸಿಲಿನಲ್ಲಿ ಎಲ್ಲರಿಗೂ ಕಂಡಿತು.

ಉತ್ತರ ಮಾರನೆಯ ದಿನ ಎಂದರು. ಕಾಯುವ ಹೊತ್ತು ಕಳೆಯಲು ಊರಂಚಿನ ಗಾಳಿಗಿರಣಿ ನೋಡಲು ಹೋದೆವು. ಈ ಗಿರಣಿಗಳಲ್ಲಿ ಕೆಲವು ಹಿಟ್ಟು ಬೀಸಿದರೆ ಇನ್ನು ಕೆಲವು ನೀರೆತ್ತಿ ಹೊರಗೆ ಹಾಕುತ್ತಿದ್ದವಂತೆ. ನಿಲ್ಲಿಸಿಬಿಟ್ಟರೆ ನೆಲದಡಿಯಿಂದ ನೀರು ಜಿನುಗಿ ಊರು ತುಂಬುತ್ತಿತ್ತಂತೆ. ಹನುಮಕ್ಕ ಬಹಳ ಹೊತ್ತು ಆ ರೆಕ್ಕೆಗಳನ್ನೇ ನೋಡಿದಳು. "ಇವ್ರ ಊರಿಗೂ ಕಿಡ್ನಿ ಐತೆ ನೋಡು," ಎಂದಳು.

ಮಾರನೆಯ ದಿನ ಅನ್ನೆಕೆ ಪರದೆಯ ಮೇಲೆ ಒಂದೇ ಚುಕ್ಕೆ ತೋರಿಸಿದಳು, ಹಿಂದಿನ ವರ್ಷದ ಹನುಮಕ್ಕ. ಗುಂಡಿ ಒತ್ತಿದಳು, ಪಕ್ಕದಲ್ಲಿ ಇನ್ನೊಂದು ಚುಕ್ಕೆ ಮೂಡಿತು. ಎರಡರ ನಡುವೆ ಗೆರೆ ಎಳೆದಳು. ಗೆರೆ ಹಾಲೆಂಡಿನ ನೆಲದಂತೆ ಮಟ್ಟಸವಾಗಿ ಮಲಗಿತ್ತು. ಏರಿಲ್ಲ. ಇದು ಇನ್ನೂ ಸಂಶೋಧನೆ, ಇದೊಂದನ್ನೇ ನಂಬಿ ಕೂರಬಾರದು, ನಿಮ್ಮ ಡಾಕ್ಟರಿಗೂ ತಿಳಿಸುತ್ತೇನೆ, ಮುಂದಿನ ವರ್ಷವೂ ನೋಡಬೇಕು ಎಂದು ಅವಳು ಒತ್ತಿ ಒತ್ತಿ ಹೇಳಿದಳು. ನಾನು ಎಲ್ಲವನ್ನೂ ತಿರುಗಿಸಿ ಹೇಳಿದೆ. ಏರಿಲ್ಲ ಎಂಬುದನ್ನು ಮಾತ್ರ ಸಂತೋಷದಲ್ಲಿ ಎರಡು ಸಲ ಹೇಳಿದೆ.

ಹನುಮಕ್ಕ ಎದ್ದು ಗೋಡೆಯ ಹತ್ತಿರ ಹೋಗಿ ಆ ಗೆರೆಯ ಮೇಲೆ ಬೆರಳಿಟ್ಟಳು. "ನಮ್ಮವ್ವಂಗೂ ಹಿಂಗೊಂದು ಗೆರೆ ಎಳ್ದು ತೋರ್ಸೋರು ಇದ್ದಿದ್ರೆ..." ಎಂದು ಅರ್ಧಕ್ಕೆ ನಿಲ್ಲಿಸಿದಳು. ಇದನ್ನು ತಿರುಗಿಸುವುದು ನನ್ನಿಂದಾಗಲಿಲ್ಲ. ಅನ್ನೆಕೆ ಕೇಳಲೂ ಇಲ್ಲ. ಬಿಸ್ಕತ್ತಿನ ಡಬ್ಬ ತಂದು ಮುಚ್ಚಳ ತೆಗೆದು ಅವಳ ಮುಂದೆ ಇಟ್ಟಳು, ಮತ್ತೆ ಮುಚ್ಚಲಿಲ್ಲ.

ನಾಲ್ಕು ತಾಲ್ಲೂಕಿನ ಮಾದರಿಯನ್ನು ಮತ್ತೊಮ್ಮೆ ತೆಗೆಸುವುದಕ್ಕೆ ಅವರು ಒಪ್ಪಿದರು. ಹೊರಗೆ ಬಂದು ಕಾಲುವೆಯ ಕಟ್ಟೆಯ ಮೇಲೆ ಕೂತು ಹನುಮಕ್ಕ ಫೋನ್ ತೆಗೆದು ಬಾಯಿಗೆ ಹಿಡಿದಳು.

"ಎಲ್ಲಾರೂ ಕೇಳಿ. ನಾನು ಚೆಂದಾಗಿದೀನಿ. ಇನ್ನೊಂದು ಸಲ ಬಾಟ್ಲಿ ತತ್ತಾರೆ. ಈ ಸಲ ಬಾರ್ಲಿ ಬ್ಯಾಡ, ಎಳನೀರು ಬ್ಯಾಡ. ಸಾರ್ಸಾದು ಬ್ಯಾಡ, ರಂಗೋಲಿ ಬ್ಯಾಡ. ದಿನಾ ಹೆಂಗಿದೀರೋ ಅಂಗೇ ಇದ್ದು, ಇದ್ದಿದ್ದು ಇದ್ದಂಗೇ ಕೊಡಿ."

ನಾವು ಏಳುವುದರೊಳಗೆ ಶಿರಾದಿಂದ ಉತ್ತರ ಬಂತು. ಅಲ್ಲಿನ ಸಂಘದ ಹೆಂಗಸೊಬ್ಬಳ ಅಂಜಿದ ದನಿ: "ಅಕ್ಕಾ, ಹಳದಿ ಇದ್ರೂ ಪರ್ವಾಗಿಲ್ವಾ?"

ಹನುಮಕ್ಕ ಕಾಲುವೆಯ ತಿಳಿನೀರನ್ನು ನೋಡಿದಳು, ಆಮೇಲೆ ಫೋನನ್ನು ಮತ್ತೆ ಬಾಯಿಗೆ ತಂದಳು.

"ಹಳದಿ ಇದ್ರೇನೇ ಕಣಮ್ಮ, ನಾವು ಇದೀವಿ ಅಂತ ಅವ್ರಿಗೆ ಗೊತ್ತಾಗಾದು."